ತಂಬೂರಿಯಿಲ್ಲದ ತಟ್ಟೆಗಳು
(ಅಬ್ದುಲ್ ಕರೀಂ ಖಾನರ ಆರಂಭದ ಮುದ್ರಿಕೆಗಳನ್ನು ಕುರಿತು)



ಹಳೆಯ ಗ್ರಾಮಾಫೋನ್ ತಟ್ಟೆಗಳ ಮುಂದೆ ಕುಳಿತುಕೊಳ್ಳುವವರಲ್ಲಿ ಎರಡು ಪಂಗಡಗಳುಂಟು. ಹಳೆಯದೆಂಬ ಒಂದೇ ಕಾರಣಕ್ಕೆ ಕಣ್ಣು ಮುಚ್ಚಿ ತಲೆದೂಗುವವರು ಕೆಲವರು. ಮೊದಲ ಕರಕರ ಸದ್ದಿಗೇ ಎದ್ದು ಹೋಗುವವರು ಹಲವರು. ತಟ್ಟೆಯಲ್ಲಿರುವ ಹಾಡನ್ನು ಈ ಇಬ್ಬರೂ ಕೇಳುವುದಿಲ್ಲವೆಂಬುದೇ ನನ್ನ ದೂರು. ಕಿರಾಣಾ ಘರಾಣೆಯ ಖಾನ್ ಸಾಹೇಬ್ ಅಬ್ದುಲ್ ಕರೀಂ ಖಾನರು 1905ರ ಸುಮಾರಿನಲ್ಲಿ ಹಾಡಿಕೊಟ್ಟ ತಟ್ಟೆಗಳಿಗಂತೂ ಈ ಅನ್ಯಾಯ ಹೆಚ್ಚಾಗಿ ಆಗಿದೆ.

ನಮ್ಮದೊಂದು ಸಣ್ಣ ಕೇಳುಗರ ಕೂಟ. ಸೇಡಂ, ಚಿತ್ತಾಪುರದ ಗೆಳೆಯರು ಹೈದರಾಬಾದಿನ ಕಡೆಯ ಗಾಡಿಯಲ್ಲಿಯೂ, ಶಹಾಬಾದಿನವರು ಮುಂಬಯಿ ಕಡೆಯ ಗಾಡಿಯಲ್ಲಿಯೂ ಬಂದು ವಾಡಿಯಲ್ಲಿ ಇಳಿಯುತ್ತಾರೆ. 1874ರಲ್ಲಿ ನಿಜಾಮರ ರೈಲು ಮಾರ್ಗವು ಮುಂಬಯಿ–ಮದರಾಸು ಮಾರ್ಗವನ್ನು ಕೂಡಿದ್ದು ಇಲ್ಲಿಯೇ ಆದುದರಿಂದ, ಕೂಡುವುದಕ್ಕೆ ಇದಕ್ಕಿಂತ ಅನುಕೂಲದ ಸ್ಥಳವಿಲ್ಲ. ಚಿಂಚೋಳಿಯ ರಾಯರಿಗೆ ಮಾತ್ರ ರೈಲಿಲ್ಲ. ಅವರು ಬಸ್ಸಿನಲ್ಲಿ ಬರುತ್ತಾರೆ, ಎಲ್ಲರಿಗಿಂತ ಮೊದಲೇ ಬರುತ್ತಾರೆ. ಕೂಡುವ ಕೋಣೆಗೆ ಶಹಾಬಾದು ಕಲ್ಲಿನ ನೆಲ. ಬೇಸಗೆಯಲ್ಲಿ ಅಂಗಾಲಿಗೆ ಹಿತವಾದ ಆ ಕಲ್ಲು ಸಂಗೀತಕ್ಕೆ ಹಿತವಲ್ಲ. ಹೊಳಪು ಕೊಟ್ಟ ಕಲ್ಲಿನಿಂದ ದನಿ ಪುಟಿದು ಹಿಂದಿರುಗುತ್ತದೆ. ಆದಕಾರಣ ಮೊದಲು ಎರಡು ಜಮಖಾನೆ ಹಾಸಿ, ಆಮೇಲೆ ಕೇಳಲು ತೊಡಗುತ್ತೇವೆ.

ಈ ಸಲ ವಾದ ಹುಟ್ಟಿತು. ಸೇಡಮ್ಮಿನ ಗೆಳೆಯರು, "ಖಾನ್ ಸಾಹೇಬರನ್ನು ಕೇಳಬೇಕಾದರೆ 1930ರ ದಶಕದ ಓಡಿಯನ್ ತಟ್ಟೆಗಳನ್ನು ಕೇಳಬೇಕು. ಇದೇನು, ಬರೀ ಗದ್ದಲ!" ಎಂದುಬಿಟ್ಟರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಓಡಿಯನ್ ತಟ್ಟೆಗಳ ಕಾಲಕ್ಕೆ ಖಾನ್ ಸಾಹೇಬರು ಅರವತ್ತನ್ನು ಸಮೀಪಿಸಿ ದಾಟಿದವರು. ವಿದ್ಯುತ್ತಿನ ಮೈಕ್ರೋಫೋನು ಬಂದಿತ್ತು. ಭೈರವಿಯ ಆ ಠುಮರಿಯಲ್ಲಿ ಉಸಿರಿನ ಎಳೆಯೂ ಕೇಳಿಸುತ್ತದೆ. ಗದಗಿನ ಬಾಲಕ ಭೀಮಸೇನ ಜೋಶಿಯು ಅವರ ಝಿಂಝೋಟಿಯ ಠುಮರಿಯನ್ನು ತಟ್ಟೆಯಿಂದಲೇ ಕೇಳಿ, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟನೆಂಬುದು ಎಲ್ಲರಿಗೂ ತಿಳಿದ ಸಂಗತಿ. ಕೊನೆಗೆ ಅವನಿಗೆ ದೊರೆತ ಗುರುಗಳು ಖಾನ್ ಸಾಹೇಬರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರು.

ಹಾಗಾದರೆ 1905ರ ತಟ್ಟೆಯಲ್ಲಿ ಕೊರತೆಯಾದುದೇನು? ಆಗ ಮೈಕ್ರೋಫೋನಿಲ್ಲ. ಗಾಯಕನು ತಗಡಿನ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಹಾಡಬೇಕು. ದನಿಯ ಬಲದಿಂದಲೇ ಸೂಜಿ ಅಲುಗಿ ಮೇಣದಲ್ಲಿ ಗೆರೆ ಕೊರೆಯಬೇಕು. ಮೂರು ನಿಮಿಷಗಳೊಳಗೆ ರಾಗ ಮುಗಿಯಬೇಕು. ಅಚ್ಚು ಹಾಕುವುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಗುರುತು ಸಿಕ್ಕಲೆಂದೇ 1902ರಲ್ಲಿ ಕಲಕತ್ತೆಯ ಗೌಹರ್ ಜಾನಳು ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳಿದ್ದು. ಕಹಳೆಯು ಗಟ್ಟಿದನಿಯನ್ನು ಹಿಡಿಯುತ್ತದೆ, ಮೆಲುದನಿಯನ್ನು ಬಿಟ್ಟುಬಿಡುತ್ತದೆ. ಹೀಗಾಗಿ ಅದು ಬಿಟ್ಟುಬಿಟ್ಟದ್ದು ಬಹುಮಟ್ಟಿಗೆ ತಂಬೂರಿಯನ್ನು!

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಅಬ್ದುಲ್ ಕರೀಂ ಖಾನರು ಶ್ರುತಿಯ ವಿಷಯದಲ್ಲಿ ಪ್ರಯೋಗ ಮಾಡಿದ ಗಾಯಕರು. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರೂ ಕ್ಲೆಮೆಂಟ್ಸ್ ಎಂಬ ಆಂಗ್ಲ ಅಧಿಕಾರಿಯೂ ಇಪ್ಪತ್ತೆರಡು ಶ್ರುತಿಗಳನ್ನು ಅಳೆಯಹೊರಟಾಗ ಇವರ ಕಂಠವೇ ಅಳತೆಗೋಲಾಯಿತು. ಮೈಸೂರು ಆಸ್ಥಾನಕ್ಕೆ ಬಂದುಹೋಗುತ್ತ ದಕ್ಷಿಣಾದಿಯನ್ನು ಆದರದಿಂದ ಕೇಳಿ, ಮುಂದೆ ಖರಹರಪ್ರಿಯದಲ್ಲಿ ತ್ಯಾಗರಾಜರ ಕೃತಿಯನ್ನೇ ತಟ್ಟೆಗೆ ಹಾಡಿಕೊಟ್ಟವರು. ಸ್ವರಕ್ಕೂ ಷಡ್ಜಕ್ಕೂ ಇರುವ ಕೂದಲೆಳೆಯ ಅಂತರವೇ ಇಂಥವರ ಕಲೆ. ಆ ಷಡ್ಜವನ್ನು ಎಡೆಬಿಡದೆ ಸಾರುವ ತಂಬೂರಿ ಕೇಳಿಸದಿದ್ದರೆ, ಹಿಂದಿನ ಗೋಡೆಯನ್ನು ಕಿತ್ತು ಚಿತ್ರವನ್ನು ಗಾಳಿಗೆ ತೂಗುಹಾಕಿದಂತೆ.

ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ಆ ಕಾಲದಲ್ಲಿ ತಟ್ಟೆಯ ವೇಗ ಇನ್ನೂ ಒಂದೇ ಲೆಕ್ಕಕ್ಕೆ ನಿಂತಿರಲಿಲ್ಲ. ನಿಮಿಷಕ್ಕೆ 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಗಾಯಕನ ಷಡ್ಜವು ಹಾರ್ಮೋನಿಯಂನ ಸುಮಾರು ಒಂದು ಪಟ್ಟಿಯಷ್ಟು ಮೇಲಕ್ಕೇರುತ್ತದೆ. ಸ್ವರಸ್ವರಗಳ ನಡುವಣ ಪ್ರಮಾಣ ಕೆಡುವುದಿಲ್ಲ. ಆದರೆ ಕಂಠ ತೆಳುವಾಗಿ, ತಾನಗಳು ಅವಸರ ಅವಸರವಾಗಿ ಕೇಳಿಸುತ್ತವೆ. ಆಮೇಲೆ ನಾವು ಗಾಯಕನನ್ನು ಬಯ್ಯುತ್ತೇವೆ.

ಇಷ್ಟು ಹೇಳುವಷ್ಟರಲ್ಲಿ ಗೂಡ್ಸ್ ಗಾಡಿಯೊಂದು ಹಾದುಹೋಗತೊಡಗಿ ಎಲ್ಲರೂ ಸುಮ್ಮನಾಗಬೇಕಾಯಿತು. ವಾಡಿಯಲ್ಲಿ ಇದು ನಿತ್ಯದ ಕಥೆ. ಅಮೆರಿಕದ ಜಾಝ್ ಸಂಗೀತಕ್ಕೂ ಇದೇ ಕಾಟವಿತ್ತು. 1923ರಲ್ಲಿ ಕಿಂಗ್ ಆಲಿವರನ ಮೇಳದೊಡನೆ ತರುಣ ಲೂಯಿ ಆರ್ಮ್‌ಸ್ಟ್ರಾಂಗ್ ಮೊದಲ ತಟ್ಟೆಗಳಿಗೆ ನುಡಿಸಿದ್ದು ಇಂಡಿಯಾನಾ ಪ್ರಾಂತದ ರಿಚ್ಮಂಡಿನಲ್ಲಿ, ರೈಲು ಹಳಿಯ ಮಗ್ಗುಲಿನ ಕಟ್ಟಡದಲ್ಲಿ. ಗಾಡಿ ಬಂದರೆ ಕೆಲಸ ನಿಲ್ಲಬೇಕಿತ್ತು. ಅವನ ತುತ್ತೂರಿಯ ದನಿ ಉಳಿದವರನ್ನು ಮುಳುಗಿಸುತ್ತದೆಂದು ಅವನನ್ನು ದೂರ ನಿಲ್ಲಿಸಿದರೆಂದೂ ಹೇಳುತ್ತಾರೆ. ಆ ತಟ್ಟೆಗಳನ್ನು ಪ್ರೀತಿಯಿಂದ ಕೇಳುವವರು ಕಹಳೆ ಬಿಟ್ಟದ್ದನ್ನು ತಮ್ಮ ಕಿವಿಯಿಂದ ತುಂಬಿಕೊಳ್ಳಲು ಕಲಿತಿದ್ದಾರೆ. ನಾವೇಕೆ ಕಲಿಯಬಾರದು?

ಗಾಡಿ ಹೋದ ಮೇಲೆ ಹಾಗೆಯೇ ಮಾಡಿದೆವು. ಈಗ ಹಳೆಯ ಮುದ್ರಿಕೆಗಳ ಪ್ರತಿಗಳು ಗಣಕಯಂತ್ರದಲ್ಲಿ ದೊರೆಯುವುದರಿಂದ ವೇಗವನ್ನು ಇಳಿಸುವುದು ಸುಲಭ. ದನಿಯು ಮೂವತ್ತು ದಾಟಿದ ಗಂಡಸಿನ ದನಿಯಾಗುವವರೆಗೆ ಇಳಿಸಿದೆವು. ಹಾಡು ಎಲ್ಲಿ ಬಂದು ವಿಶ್ರಮಿಸುತ್ತದೆಂದು ಗಮನಿಸಿ, ಅದೇ ಷಡ್ಜಕ್ಕೆ ಚಿತ್ತಾಪುರದವರು ತಂಬೂರಿ ಹೊಂದಿಸಿ ಮೆಲ್ಲಗೆ ಮೀಟಿದರು. ಮತ್ತೆ ಅದೇ ತಟ್ಟೆ. ಕರಕರ ಸದ್ದು ಎಲ್ಲಿಗೂ ಹೋಗಲಿಲ್ಲ. ಆದರೆ ಮೊದಲು ಜಾರಿದಂತೆ ಕೇಳಿಸಿದ್ದ ಗಾಂಧಾರವು ಜಾರಿದ್ದಲ್ಲ, ಬೇಕೆಂದೇ ತುಸು ಕೆಳಗೆ ನಿಲ್ಲಿಸಿದ್ದೆಂಬುದು ಎಲ್ಲರಿಗೂ ಗೊತ್ತಾಯಿತು. ಸ್ವರದ ಹೆಸರೇ ತಿಳಿಯದ ಚಿಂಚೋಳಿಯ ರಾಯರೇ ಮೊದಲು "ಅದೋ!" ಎಂದವರು. ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಕನ್ನಡಿಗರನ್ನು ಹೊಗಳಿದ 'ಕವಿರಾಜಮಾರ್ಗ'ವು ಇದೇ ಸೇಡಂ ತಾಲ್ಲೂಕಿನ ಮಳಖೇಡದ ಅರಸರ ಆಶ್ರಯದಲ್ಲಿ ಹುಟ್ಟಿದ್ದೆಂದು ನಾನು ನೆನಪಿಸಿದೆ, ರಾಯರು ಬೀಗಿದರು.

ಇನ್ನು ತಟ್ಟೆಗಳನ್ನೇ ಇಟ್ಟುಕೊಂಡಿರುವ ಮನೆಗಳಿಗೆ ಒಂದು ಮಾತು. ಅವು ಅರಗಿನಿಂದ ಆದವು. ನಮ್ಮ ಮನೆಯ ಹದಿನಾಲ್ಕು ತಟ್ಟೆಗಳನ್ನು ಒಂದು ಮೇ ತಿಂಗಳಲ್ಲಿ ನಾನೇ ಕಿಟಕಿಯ ಬಳಿ ಓರೆಯಾಗಿ ಒರಗಿಸಿಟ್ಟು ಊರಿಗೆ ಹೋಗಿದ್ದೆ. ನಲವತ್ತೆರಡು ಡಿಗ್ರಿಯ ಬಿಸಿಲು. ಬಂದು ನೋಡಿದರೆ ಜೋಳದ ರೊಟ್ಟಿಗಳಂತೆ ಬಾಗಿದ್ದವು. ಅವುಗಳಲ್ಲಿ ಯಾರು ಯಾರು ಹಾಡಿದ್ದರೆಂದು ಬರೆದಿಟ್ಟಿರಲೂ ಇಲ್ಲ. ಸೇಡಮ್ಮಿನ ಗೆಳೆಯರು ಇದನ್ನು ಕೇಳಿದ ಮೇಲೆ ಹೆಚ್ಚು ಮಾತನಾಡಲಿಲ್ಲ. ತಮ್ಮ ಸೋದರಮಾವನ ಮನೆಯ ಅಟ್ಟದಲ್ಲಿ ಒಂದು ಪೆಟ್ಟಿಗೆ ಇದೆಯೆಂದೂ, ಬೇಸಗೆಗೆ ಮುಂಚೆ ಅದನ್ನು ಇಳಿಸಿ, ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ, ಹೆಸರುಗಳನ್ನು ಬರೆದು ತರುವೆನೆಂದೂ ಹೇಳಿ ಸಂಜೆಯ ಗಾಡಿ ಹತ್ತಿದರು.