ನೆತ್ತಿ ನಡುವೆಯೇ ಏಕಿರಬೇಕು?

ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಹವಳಗಾ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಊರು. ಈ ಸೀಮೆಯ ಹಳೆಯ ಮನೆಗಳಿಗೆ ನೆತ್ತಿ, ಅಂದರೆ ಚಾವಣಿಯ ಎರಡು ಇಳಿಜಾರು ಕೂಡುವ ಮೇಲಿನ ಗೆರೆ, ಎಂಬುದೇ ಇಲ್ಲ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ದಪ್ಪನೆಯ ಮಣ್ಣಿನ ಮೇಲ್ಮುದ್ದೆ. ಅಂಗಳದಲ್ಲಿ ನಿಂತು ನೋಡಿದವರಿಗೆ ಮಾಳಿಗೆ ಸಪಾಟಾಗಿಯೇ ಕಾಣುತ್ತದೆ. ನಿಜಕ್ಕೂ ಸಪಾಟಾಗಿದ್ದರೆ ಮೊದಲ ಮಳೆಗೇ ಸೋರುತ್ತಿತ್ತು. ಮಣ್ಣು ಹಾಕುವಾಗಲೇ ನೀರು ಅದು ಹೊರಬೀಳುವ ದೋಣಿಯ ಕಡೆ ಹರಿಯುವಂತೆ ತುಸು ವಾಟ ಕೊಡುತ್ತಾರೆ. ವರ್ಷಕ್ಕೆ ಏಳೂವರೆ ನೂರು ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆಗೆ ಅಷ್ಟು ಸಾಕು. ಹೀಗೆ ನೀರಿನ ಹಾದಿ ನೋಡಿ ಓರೆ ಕೊಡುವ ಪದ್ಧತಿ ಇರುವುದರಿಂದ, ಎರಡು ಬದಿ ಸಮವಿಲ್ಲದ ಚಾವಣಿಯೂ ಇಲ್ಲಿಗೆ ತೀರಾ ಅಪರಿಚಿತವಲ್ಲ. ಅದನ್ನು ಕಂಪ್ಯೂಟರಿನಲ್ಲಿ ಬರೆಯಲು ಕುಳಿತಾಗ ಮಾತ್ರ ತೊಡಕು ಶುರುವಾಗುತ್ತದೆ.

ಆಯತದ ಮನೆಗೆ ಚಾವಣಿ ಹೊದಿಸು ಎಂದರೆ ಬಹುತೇಕ ಸಾಫ್ಟ್‌ವೇರ್‌ಗಳು ನೆತ್ತಿಯನ್ನು ನಟ್ಟನಡುವೆ ಇಟ್ಟು ಎರಡೂ ಕಡೆ ಒಂದೇ ಇಳಿಜಾರು ಕೊಡುತ್ತವೆ. ಈ ಅಭ್ಯಾಸ ಕಂಪ್ಯೂಟರಿಗಿಂತ ಹಳೆಯದು. ಮನೆಯ ತಳದ ನಕ್ಷೆಯಿಂದ ಚಾವಣಿಯ ಗೆರೆಗಳನ್ನು ಪಡೆಯುವ ರೇಖಾಗಣಿತವನ್ನು ಪೆಶ್ಕಾ ಎಂಬ ಗಣಿತಜ್ಞ 1877ರಷ್ಟು ಹಿಂದೆಯೇ ವಿವರವಾಗಿ ಚರ್ಚಿಸಿದ್ದ. ಅದೇ ವಿಚಾರ 1995ರಲ್ಲಿ ಐಖ್‌ಹೋಲ್ಜರ್, ಔರೆನ್‌ಹಾಮರ್ ಮತ್ತು ಸಂಗಡಿಗರ ಕೈಯಲ್ಲಿ 'ಸ್ಟ್ರೈಟ್ ಸ್ಕೆಲಿಟನ್' ಎಂಬ ಹೆಸರು ಪಡೆಯಿತು. ನಕ್ಷೆಯ ಎಲ್ಲ ಗೋಡೆಗಳೂ ಒಂದೇ ವೇಗದಲ್ಲಿ ಒಳಕ್ಕೆ ಸರಿಯುತ್ತವೆ ಎಂದುಕೊಳ್ಳಿ. ಮೂಲೆಗಳು ಸಾಗಿದ ಹಾದಿಯೇ ಚಾವಣಿಯ ಮಡಿಕೆ. ವೇಗ ಒಂದೇ ಆದ್ದರಿಂದ ಇಳಿಜಾರೂ ಒಂದೇ. ಲೆಕ್ಕ ಸುಲಭವಾಗಲೆಂದು ಹಿಡಿದ ಈ ಸಮತೆ ಬರಬರುತ್ತಾ ಚಾವಣಿಯ ಸಹಜ ರೂಪವೇ ಎನ್ನುವಂತಾಯಿತು. ಬದಿಗೊಂದು ವೇಗ ಕೊಡಲು ಗಣಿತದ ಅಡ್ಡಿಯೇನೂ ಇಲ್ಲ. 2000ರಲ್ಲಿ ಬಂದ ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಪ್ರತಿ ಅಂಚಿಗೂ ಬೇರೆ ಇಳಿಜಾರು ಬರೆಯಬಹುದು. ಅದೇ ವರ್ಷದ ಸ್ಕೆಚ್‌ಅಪ್‌ನಲ್ಲಿ ಗೆರೆಗಳನ್ನು ಕೈಯಾರೆ ಎಳೆದು ಮಾಡಬಹುದು.

ಆದರೂ ಜನ ಎಡವುವುದು ನೆತ್ತಿಯನ್ನು ಸುಮ್ಮನೆ ಆಚೀಚೆ ಎಳೆಯಲು ಹೋಗಿ. ಮನೆಯ ಅಗಲ ನಿಗದಿಯಾದ ಮೇಲೆ ನೆತ್ತಿಯ ಜಾಗ, ಎರಡು ಬದಿಯ ಇಳಿಜಾರು, ಎರಡು ಸೂರಿನ ಎತ್ತರ ಒಂದಕ್ಕೊಂದು ಕಟ್ಟುಬಿದ್ದಿರುತ್ತವೆ. ಹವಳಗಾದಲ್ಲಿ 20 ಅಡಿ ಅಗಲದ ಪತ್ರಾಸಿನ (ತಗಡು ಹೊದಿಸಿದ) ಮನೆಯನ್ನೇ ತೆಗೆದುಕೊಳ್ಳಿ. ಊರು ಸುಮಾರು 17 ಡಿಗ್ರಿ ಅಕ್ಷಾಂಶದಲ್ಲಿದೆ. ಸೌರಫಲಕಕ್ಕೆ ದಕ್ಷಿಣಕ್ಕೆ ಅಷ್ಟೇ ಓರೆ ಹಿತ. ದಕ್ಷಿಣದ ಬದಿಗೆ 17 ಡಿಗ್ರಿ ಕೊಟ್ಟು, ಉತ್ತರದ ಬದಿಯನ್ನು 45 ಡಿಗ್ರಿಗೆ ಕಡಿದಾಗಿಸಿ, ಎರಡೂ ಸೂರು ಒಂದೇ ಮಟ್ಟದಲ್ಲಿರಲಿ ಎಂದರೆ ನೆತ್ತಿ ಉತ್ತರದ ಗೋಡೆಯಿಂದ 4.7 ಅಡಿಗೆ ಬರುತ್ತದೆ, ಸೂರಿನಿಂದ ಅದರ ಎತ್ತರವೂ ಅಷ್ಟೇ. ಹಾಗಲ್ಲ, ಎರಡೂ ಕಡೆ 17 ಡಿಗ್ರಿಯೇ ಇರಲಿ, ನೆತ್ತಿ ಮಾತ್ರ ಉತ್ತರದಿಂದ 7 ಅಡಿಗೆ ಇರಲಿ ಎಂದರೆ ಉತ್ತರದ ಗೋಡೆಯನ್ನು 1.8 ಅಡಿ ಹೆಚ್ಚು ಎತ್ತರಿಸಲೇಬೇಕು. ಈ ಎರಡರಲ್ಲಿ ಯಾವುದೆಂದು ಮೊದಲೇ ತೀರ್ಮಾನಿಸದೆ ಮೌಸ್ ಹಿಡಿದವರ ಚಿತ್ರದಲ್ಲಿ ಗೋಡೆಗೂ ಚಾವಣಿಗೂ ನಡುವೆ ಸಂದು ಬಾಯಿಬಿಡುತ್ತದೆ.

ಅಸಮ ಚಾವಣಿಯೆಂಬುದು ಪಟ್ಟಣದವರ ಶೋಕಿ ಎನ್ನುವವರಿದ್ದಾರೆ. ಬರಿಯ ಮುಂಭಾಗದ ಅಂದಕ್ಕೆ ಮಾಡಿದರೆ ಶೋಕಿಯೇ ಸರಿ, ಒಪ್ಪೋಣ. ಆದರೆ ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ 17ನೇ ಶತಮಾನದ ಜನ ಮನೆಯ ಹಿಂದೆ ಕೋಣೆ ಸೇರಿಸಿ ಅದೇ ಇಳಿಜಾರನ್ನು ಕೆಳಗಿನವರೆಗೆ ಚಾಚಿದ್ದು ಅಗತ್ಯಕ್ಕೆ. ಇಂಗ್ಲೆಂಡಿನ ಗಿರಣಿಗಳು ಗರಗಸದ ಹಲ್ಲಿನಂಥ ಚಾವಣಿ ಕಟ್ಟಿ ಕಡಿದಾದ ಬದಿಗೆ ಗಾಜು ಹಾಕಿದ್ದು ಬಿಸಿಲು ತಾಕದ ಉತ್ತರದ ಬೆಳಕಿಗೆ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಸಮ ಬದಿಯಾದರೆ ಎಲ್ಲ ಪಟ್ಟಿಗಳೂ ಒಂದೇ ಅಳತೆ, ಕೊಯ್ಯುವುದೂ ಜೋಡಿಸುವುದೂ ಅಗ್ಗ. ನಿಜವೇ. ಅಸಮ ಚಾವಣಿಗೆ ಎರಡು ಅಳತೆ ಬೇಕು, ಎರಡೇ, ಹತ್ತಲ್ಲ. ಉದ್ದಕ್ಕೂ ಅದೇ ಜೋಡಿ ಮರುಕಳಿಸುತ್ತದೆ. ಖರ್ಚು ನಿಜವಾಗಿ ಏರುವುದು ಎರಡು ಚಾವಣಿಗಳು ಒಳಮೂಲೆಯಲ್ಲಿ ಕೂಡುವಲ್ಲಿ, ನೀರು ಸೋರುವುದೂ ಅಲ್ಲೇ. ಆ ಕಷ್ಟ ಸಮ ಚಾವಣಿಯನ್ನೂ ಬಿಟ್ಟಿಲ್ಲ.

ಹಾಗಾಗಿ ನಕ್ಷೆ ಮಾಡಿಸುವವರು ಪರದೆಯ ಮೇಲಿನ ಬಣ್ಣದ ಚಿತ್ರ ನೋಡುವ ಮೊದಲು ಮೂರು ಸಂಗತಿ ಬರೆದುಕೊಡಿ: ನೀರು ಯಾವ ಕಡೆ ಬೀಳಬೇಕು, ಯಾವ ಬದಿಗೆ ಎಷ್ಟು ಓರೆ, ಸೂರುಗಳು ಒಂದೇ ಮಟ್ಟವೋ, ಬೇರೆಯಾದರೆ ಎಷ್ಟು ಅಂತರವೋ. ನೆತ್ತಿ ಎಲ್ಲಿ ಬರಬೇಕೆಂಬುದನ್ನು ಆ ಲೆಕ್ಕಕ್ಕೇ ಬಿಡಿ.