ಕಂಡರೂ ಪ್ರಮಾಣಿಸಿ ನೋಡುವ ವಿದ್ಯೆ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮರುವಾರ ನಮ್ಮೂರಿನ ದಿನಸಿ ಅಂಗಡಿಯ ಮಾಲೀಕರೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಹೈಸ್ಕೂಲಿನಲ್ಲಿ ಆಕೆ ನನ್ನ ವಿದ್ಯಾರ್ಥಿನಿ. "ಮೇಷ್ಟ್ರೇ, ಇವಳು ಸೈಬರ್ ಸೆಕ್ಯುರಿಟಿ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ವರ್ಷಕ್ಕೆ ಎರಡು ಲಕ್ಷ ಆಗುತ್ತಂತೆ. ಕಂಪ್ಯೂಟರ್ ಸೈನ್ಸ್ ಅಂದ್ರೆ ಗೊತ್ತು. ಇದೇನು ಓದು? ಓದಿದ ಮೇಲೆ ಕೆಲಸ ಏನು?" ಎಂದು ಒಂದೇ ಉಸಿರಿನಲ್ಲಿ ಕೇಳಿದರು.

ಹುಡುಗಿಯ ಹಟಕ್ಕೆ ಕಾರಣವೂ ಇತ್ತು. ಹಿಂದಿನ ವರ್ಷ ಬ್ಯಾಂಕಿನವರೆಂದು ಹೇಳಿಕೊಂಡು ಫೋನ್ ಮಾಡಿದ ಯಾರೋ ಇವರ ಖಾತೆಯಿಂದ ನಲವತ್ತು ಸಾವಿರ ರೂಪಾಯಿ ಎಗರಿಸಿದ್ದರು. ಊರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆಂದು ಇವರು ಎರಡು ದಿನ ಬಾಯಿ ಬಿಡಲಿಲ್ಲ. ಅಷ್ಟೇ ಅಲ್ಲ, ಮೊಬೈಲಿನಲ್ಲಿದ್ದ ಸಂದೇಶಗಳನ್ನೂ ಕರೆಗಳ ಪಟ್ಟಿಯನ್ನೂ ಅಳಿಸಿಹಾಕಿದ್ದರು. ಮೂರನೆಯ ದಿನ ಮಗಳೇ ಠಾಣೆಗೆ ಕರೆದೊಯ್ದಾಗ ಅಲ್ಲಿ ಕೇಳಿದ ಮೊದಲ ಪ್ರಶ್ನೆ: "ಮೆಸೇಜ್ ಎಲ್ಲಿ?" ಹಣ ಹೋದದ್ದಕ್ಕಿಂತ ಹೆಚ್ಚಾಗಿ, ಕೈಯಲ್ಲಿದ್ದ ಸಾಕ್ಷ್ಯವನ್ನು ಅಪ್ಪನೇ ಅಳಿಸಿದ್ದು ಆಕೆಯನ್ನು ಕಾಡಿತ್ತು.

ಇಂತಹ ಪ್ರಶ್ನೆ ಹೊತ್ತ ಪಾಲಕರು ಈಗ ಊರೂರಿನಲ್ಲೂ ಇದ್ದಾರೆ. ಆದುದರಿಂದ ಅಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕಾವಲು ಮತ್ತು ಮಹಜರು

ಸೈಬರ್ ಸೆಕ್ಯುರಿಟಿ ಮತ್ತು ಡಿಜಿಟಲ್ ಫೊರೆನ್ಸಿಕ್ಸ್ ಎಂಬ ಎರಡು ಹೆಸರುಗಳನ್ನು ಸಾಮಾನ್ಯವಾಗಿ ಒಟ್ಟಿಗೆ ಹೇಳುತ್ತಾರೆ. ಎರಡೂ ಒಂದೇ ಅಲ್ಲ. ಮನೆಗೆ ಬೀಗ ಹಾಕುವುದು, ಬೀಗದ ಕೈ ಯಾರ ಬಳಿ ಇರಬೇಕೆಂದು ನಿರ್ಧರಿಸುವುದು, ಹಿತ್ತಿಲ ಬಾಗಿಲು ಸಡಿಲವಾಗಿದೆಯೇ ಎಂದು ಕಳ್ಳನಿಗಿಂತ ಮೊದಲೇ ನೋಡುವುದು ಮೊದಲನೆಯ ವಿದ್ಯೆ. ಕಳವಾದ ಮೇಲೆ ಸ್ಥಳಕ್ಕೆ ಬಂದು, ಏನನ್ನೂ ಕದಲಿಸದೆ, ಇದ್ದದ್ದನ್ನು ಇದ್ದ ಹಾಗೆಯೇ ಮಹಜರು ಮಾಡಿ ನ್ಯಾಯಾಲಯದ ಮುಂದಿಡುವುದು ಎರಡನೆಯ ವಿದ್ಯೆ.

ಸಿನಿಮಾದಲ್ಲಿ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಸುರಿಯುತ್ತವೆ, ನಾಯಕ ನಾಲ್ಕು ಕೀಲಿ ಒತ್ತಿದೊಡನೆ ಗುಟ್ಟೆಲ್ಲ ಬಯಲಾಗುತ್ತದೆ. ನಿಜವಾದ ಕೆಲಸ ಹೀಗಿರುವುದಿಲ್ಲ. ಅದು ಲೆಕ್ಕ ಬರೆಯುವ ಗುಮಾಸ್ತನ ತಾಳ್ಮೆಯನ್ನು ಬೇಡುವ ಕೆಲಸ.

ಎಪ್ಪತ್ತೈದು ಸೆಂಟಿನ ಲೆಕ್ಕ

ಇದಕ್ಕೆ ಒಂದು ಒಳ್ಳೆಯ ಉದಾಹರಣೆಯಿದೆ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಂಪ್ಯೂಟರ್ ವಿಭಾಗಕ್ಕೆ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿ ಹೊಸದಾಗಿ ಸೇರಿದ್ದರು. ಕಂಪ್ಯೂಟರ್ ಬಳಸಿದ ಸಮಯಕ್ಕೆ ಬಾಡಿಗೆ ಹಾಕುವ ಲೆಕ್ಕದಲ್ಲಿ 75 ಸೆಂಟು ತಾಳೆಯಾಗುತ್ತಿರಲಿಲ್ಲ. ಒಂದು ಡಾಲರಿಗೂ ಕಡಿಮೆ. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಸ್ಟೋಲ್ ಬಿಡಲಿಲ್ಲ. ಯಾರೋ ಅಪರಿಚಿತ ಅನುಮತಿಯಿಲ್ಲದೆ ಒಳಬಂದು ಕೆಲವೇ ಸೆಕೆಂಡು ಯಂತ್ರ ಬಳಸಿದ್ದು ತಿಳಿಯಿತು. ಆತನನ್ನು ಕೂಡಲೇ ಹೊರಗಟ್ಟದೆ, ಆತ ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಪ್ರಿಂಟರಿನಲ್ಲಿ ಮುದ್ರಿಸಿಕೊಂಡರು. ದಿನ, ಗಂಟೆ, ನಿಮಿಷ ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆಯುತ್ತಾ ಹೋದರು. ತಿಂಗಳುಗಟ್ಟಲೆ ಬೆನ್ನುಹತ್ತಿದ ಮೇಲೆ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದ ಒಬ್ಬ ಯುವಕನ ಮನೆಗೆ ಹೋಗಿ ಮುಟ್ಟಿತು. ಅವನೂ ಅವನ ಸಂಗಡಿಗರೂ ಕದ್ದ ಮಾಹಿತಿಯನ್ನು ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರುತ್ತಿದ್ದರು.

ಸ್ಟೋಲ್ ಬಳಿ ಸೈಬರ್ ಸೆಕ್ಯುರಿಟಿ ಪದವಿ ಇರಲಿಲ್ಲ. ಅವರ ಬಳಿ ಇದ್ದದ್ದು ವಿಜ್ಞಾನಿಯ ಅಭ್ಯಾಸ. ಲೆಕ್ಕ ತಾಳೆಯಾಗದಿದ್ದರೆ ಕಾರಣ ಹುಡುಕಬೇಕು, ಕಂಡದ್ದನ್ನು ಕಂಡಾಗಲೇ ಬರೆದಿಡಬೇಕು ಎಂಬ ಶಿಸ್ತು.

ನಾನು ಬಿ.ಎಸ್ಸಿ. ಓದುವಾಗ ರಸಾಯನ ಪ್ರಯೋಗಾಲಯದಲ್ಲಿ ಉತ್ತರ ಸರಿಯಾಗಿ ಬರಲೆಂದು ಬ್ಯುರೆಟ್ಟಿನ ರೀಡಿಂಗನ್ನು ತಿದ್ದಿ ಬರೆದಿದ್ದೆ. ನಮ್ಮ ಮೇಷ್ಟ್ರು ಪುಟಕ್ಕೆ ಅಡ್ಡಗೆರೆ ಎಳೆದು, "ತಪ್ಪು ಉತ್ತರಕ್ಕೆ ಅಂಕ ಕೊಡಬಹುದು, ತಿದ್ದಿದ ರೀಡಿಂಗಿಗೆ ಕೊಡಲಾಗದು" ಎಂದಿದ್ದರು. ಫೊರೆನ್ಸಿಕ್ಸ್ ಎಂಬ ವಿದ್ಯೆ ನಿಂತಿರುವುದೇ ಈ ಮಾತಿನ ಮೇಲೆ.

ಪ್ರಯೋಗಾಲಯದಲ್ಲಿ ಏನು ನಡೆಯುತ್ತದೆ?

ಪೊಲೀಸರು ವಶಪಡಿಸಿಕೊಂಡ ಕಂಪ್ಯೂಟರನ್ನು ಪರೀಕ್ಷಕ ಸುಮ್ಮನೆ ಆನ್ ಮಾಡಿ ನೋಡುವಂತಿಲ್ಲ. ಆನ್ ಮಾಡಿದೊಡನೆ ಒಳಗಿನ ನೂರಾರು ಕಡತಗಳ ದಿನಾಂಕ, ಸಮಯ ಬದಲಾಗಿಬಿಡುತ್ತವೆ. ಆದುದರಿಂದ ಹಾರ್ಡ್ ಡಿಸ್ಕನ್ನು ಹೊರತೆಗೆದು 'ರೈಟ್ ಬ್ಲಾಕರ್' ಎಂಬ ಸಾಧನದ ಮೂಲಕ ಜೋಡಿಸುತ್ತಾರೆ. ಅದು ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಬಳಿಕ ಡಿಸ್ಕಿನ ಯಥಾವತ್ ನಕಲು ತೆಗೆದು, ಪರೀಕ್ಷೆಯನ್ನೆಲ್ಲ ನಕಲಿನ ಮೇಲೆ ಮಾಡುತ್ತಾರೆ. ಮೂಲ ಹಾಗೆಯೇ ಸೀಲಾಗಿ ಉಳಿಯುತ್ತದೆ.

ನಕಲು ಮೂಲದಂತೆಯೇ ಇದೆ ಎಂದು ನಂಬುವುದು ಹೇಗೆ? ಇಲ್ಲಿ ಗಣಿತ ನೆರವಿಗೆ ಬರುತ್ತದೆ. 'ಹ್ಯಾಶ್' ಎಂಬ ಲೆಕ್ಕಾಚಾರವು ಎಷ್ಟೇ ದೊಡ್ಡ ಕಡತವನ್ನಾದರೂ ಒಂದು ಚಿಕ್ಕ ಗುರುತಿಗೆ ಇಳಿಸುತ್ತದೆ. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಅದು 64 ಅಂಕಿ-ಅಕ್ಷರಗಳ ಒಂದು ಸಾಲು. ಸಾವಿರ ಪುಟದ ದಾಖಲೆಯಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಎರಡು ಸಾಲುಗಳು ಒಂದೇ ಆಗಿದ್ದರೆ ನಕಲು ಮೂಲದಂತೆಯೇ ಇದೆ ಎಂದರ್ಥ. ಹಿಂದೆ ಎಲ್ಲರೂ ಬಳಸುತ್ತಿದ್ದ ಎಂಡಿ-5 ಎಂಬ ವಿಧಾನದಲ್ಲಿ ಎರಡು ಬೇರೆ ಬೇರೆ ಕಡತಗಳಿಗೆ ಒಂದೇ ಗುರುತು ಬರುವಂತೆ ಮಾಡಬಹುದೆಂದು 2004ರಲ್ಲಿ ಚೀನಾದ ಗಣಿತಜ್ಞೆ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಗಣಿತವನ್ನು ತಪ್ಪಿಸಿಕೊಳ್ಳಲು ಈ ಓದಿಗೆ ಬರುವವರು ಇದನ್ನು ನೆನಪಿಡಬೇಕು.

ಅಳಿಸಿದ ಕಡತ ಮರಳಿ ಸಿಗುತ್ತದೆಯೇ? ಗ್ರಂಥಾಲಯದಲ್ಲಿ ಪುಸ್ತಕದ ಸೂಚಿಚೀಟಿಯನ್ನು ಹರಿದುಹಾಕಿದರೆ ಪುಸ್ತಕ ಕಪಾಟಿನಲ್ಲೇ ಇರುತ್ತದಷ್ಟೇ? ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಆಗುವುದೂ ಹೀಗೆಯೇ. ಆ ಜಾಗದಲ್ಲಿ ಹೊಸದು ಬಂದು ಕೂರುವವರೆಗೆ ಹಳೆಯದು ಸಿಗಬಹುದು. ಆದರೆ ಈಗಿನ ಎಸ್‌ಎಸ್‌ಡಿ ಮತ್ತು ಮೊಬೈಲುಗಳು ಅಂತಹ ಜಾಗವನ್ನು ತಾವೇ ಖಾಲಿ ಮಾಡಿಕೊಳ್ಳುತ್ತವೆ. ಮೊಬೈಲಿನ ಮಾಹಿತಿ ಗೂಢಲಿಪಿಯಲ್ಲೂ ಇರುತ್ತದೆ. ಹಾಗಾಗಿ ಅಳಿಸಿದ್ದು ಎಂದೆಂದಿಗೂ ಹೋಗಿಬಿಡುವ ಸಂಭವವೇ ಹೆಚ್ಚು. ನಮ್ಮ ಅಂಗಡಿಯವರ ಪಾಡು ಆದದ್ದೂ ಹೀಗೆಯೇ.

ಐದೂವರೆ ಗಂಟೆಯ ತಪ್ಪು

ಈ ವಿದ್ಯೆಯಲ್ಲಿ ಅವಸರ ಎಂತಹ ಅನಾಹುತ ಮಾಡಬಲ್ಲದು ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಕಂಪ್ಯೂಟರುಗಳ ದಾಖಲೆಗಳಲ್ಲಿ ಸಮಯವನ್ನು ಅನೇಕ ವೇಳೆ ವಿಶ್ವ ಸಮಯದಲ್ಲಿ ಬರೆದಿರುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದು. ದಾಖಲೆಯಲ್ಲಿ ಮಾರ್ಚ್ 10, 18 ಗಂಟೆ 50 ನಿಮಿಷ ಎಂದಿದ್ದರೆ ನಮ್ಮಲ್ಲಿ ಆಗ ಮಾರ್ಚ್ 11, ಮಧ್ಯರಾತ್ರಿ ಕಳೆದು 20 ನಿಮಿಷ. ಪರೀಕ್ಷಕ ಇದನ್ನು ಮರೆತರೆ, ಹತ್ತನೆಯ ತಾರೀಕು ಸಂಜೆ ಏಳರ ಹೊತ್ತಿಗೆ ಆ ಕಂಪ್ಯೂಟರಿನ ಮುಂದೆ ಕುಳಿತಿದ್ದ ಅಮಾಯಕನ ಮೇಲೆ ಗುಮಾನಿ ಬರುತ್ತದೆ. ನಿಜವಾದ ಅಪರಾಧಿ ನಿಶ್ಚಿಂತೆಯಿಂದ ಇರುತ್ತಾನೆ. ಅಂತೆಯೇ ಮೊಬೈಲ್ ಜಾಲದಲ್ಲಿ ಒಂದೇ ಐಪಿ ವಿಳಾಸವನ್ನು ಒಂದೇ ಹೊತ್ತಿನಲ್ಲಿ ಹಲವಾರು ಮಂದಿ ಹಂಚಿಕೊಂಡಿರಬಹುದು. ವಿಳಾಸ ಸಿಕ್ಕಿತೆಂದು ವ್ಯಕ್ತಿ ಸಿಕ್ಕ ಹಾಗಲ್ಲ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಹಿರಿಯರು ಹೇಳಿದ್ದು ಈ ವಿದ್ಯಾರ್ಥಿಗಳಿಗೇ ಎನ್ನಬೇಕು.

ಕಾನೂನು ಕೂಡ ಇದನ್ನೇ ಬಯಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಹ್ಯಾಶ್ ಗುರುತನ್ನು ನಮೂದಿಸಬೇಕು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಕಾಲಾವಕಾಶವಿದೆ. ತಜ್ಞರ ಅಗತ್ಯ ಹೆಚ್ಚುವುದು ಇದರಿಂದಲೇ ತಿಳಿಯುತ್ತದೆ.

ಎಲ್ಲಿ ಓದಬಹುದು?

ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ. ಓದುವ ಅವಕಾಶಗಳೂ ನಮ್ಮಲ್ಲಿ ಕಡಿಮೆಯಿಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಸಿಇಟಿ ಬರೆದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಸೈಬರ್ ಸೆಕ್ಯುರಿಟಿ ವಿಶೇಷವಾಗಿರುವ ಬಿ.ಇ. ಸೇರಬಹುದು. ಬಿ.ಎಸ್ಸಿ. ಫೊರೆನ್ಸಿಕ್ ಸೈನ್ಸ್ ಇನ್ನೊಂದು ದಾರಿ. ವಾಣಿಜ್ಯ ಓದಿದವರಿಗೆ ಬಿ.ಸಿ.ಎ. ಮೂಲಕ ಬರುವ ದಾರಿಯಿದೆ. 2020ರಲ್ಲಿ ಸಂಸತ್ತಿನ ಕಾಯ್ದೆಯಿಂದ ರೂಪುಗೊಂಡ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಗುಜರಾತಿನ ಗಾಂಧಿನಗರ. ಅದರ ಕ್ಯಾಂಪಸ್ ಧಾರವಾಡದಲ್ಲೂ ಇದೆ. ಪದವಿಯ ನಂತರ ಸಿ-ಡಾಕ್ ಸಂಸ್ಥೆಯ ಸ್ನಾತಕೋತ್ತರ ಡಿಪ್ಲೊಮಾ ಕೂಡ ಇದೆ. ಪ್ರವೇಶದ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳುವುದು ಕ್ಷೇಮ.

ಆದರೆ ಪಾಲಕರೇ, ಶುಲ್ಕ ಕಟ್ಟುವ ಮೊದಲು ಕಾಲೇಜಿನಲ್ಲಿ ನಾಲ್ಕು ಪ್ರಶ್ನೆ ಕೇಳಿ. ಒಂದು, ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ಮಾನ್ಯತೆ ಇದೆಯೇ? ಎರಡು, ಮೊದಲ ಎರಡು ವರ್ಷಗಳಲ್ಲಿ ಗಣಿತ, ಪ್ರೋಗ್ರಾಮಿಂಗ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್ ಇವನ್ನು ಗಟ್ಟಿಯಾಗಿ ಕಲಿಸುತ್ತಾರೆಯೇ? ಮೂರು, ಪಾಠ ಮಾಡುವವರು ಕಾಯಂ ಅಧ್ಯಾಪಕರೇ, ಈ ವಿಷಯವನ್ನು ಓದಿದವರೇ? ನಾಲ್ಕು, ಪ್ರಯೋಗಾಲಯ ತೋರಿಸುವಿರಾ? ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನ ಪ್ರಯೋಗದ ರೆಕಾರ್ಡ್ ಪುಸ್ತಕವನ್ನು ಕೇಳಿ ನೋಡಿ. ಅದರಲ್ಲಿ ಹ್ಯಾಶ್ ಸಾಲುಗಳು, ದಿನಾಂಕ, ಸಹಿ ಇದ್ದರೆ ಅಲ್ಲಿ ವಿದ್ಯೆ ಇದೆ. ಹೊಳೆಯುವ ಕೈಪಿಡಿ ಮಾತ್ರ ಇದ್ದರೆ ಬೇರೆ ಕಡೆ ನೋಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಒಳ್ಳೆಯ ಕಾಲೇಜಿನಲ್ಲಿ ಬರೀ ಕಂಪ್ಯೂಟರ್ ಸೈನ್ಸ್ ಸಿಕ್ಕರೂ ಚಿಂತೆಯಿಲ್ಲ, ವಿಶೇಷ ವಿಷಯವನ್ನು ಮುಂದೆ ಕಲಿಯಬಹುದು.

ಅನುಮತಿ ಎಂಬ ಗೆರೆ

ವಿದ್ಯಾರ್ಥಿಗಳಿಗೆ ಒಂದು ಮಾತು. ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗನೊಬ್ಬ ಕಚೇರಿಯ ಕಂಪ್ಯೂಟರಿನ ಪಾಸ್‌ವರ್ಡನ್ನು ಊಹಿಸಿ, ಒಳಹೊಕ್ಕು ನೋಡಿ, ಹೆಮ್ಮೆಯಿಂದ ನನ್ನಲ್ಲಿಗೆ ಬಂದಿದ್ದ. ಅವನ ಚುರುಕನ್ನು ಮೆಚ್ಚಿದೆ. ಆದರೆ, "ಬೀಗ ಸಡಿಲವಾಗಿದೆ ಎಂದು ಹೇಳುವುದು ಬೇರೆ, ತೆಗೆದು ಒಳಗೆ ಹೋಗುವುದು ಬೇರೆ" ಎಂದೂ ಹೇಳಿದೆ. ಬೇರೆಯವರ ಕಂಪ್ಯೂಟರನ್ನು ಅನುಮತಿಯಿಲ್ಲದೆ ದುರುದ್ದೇಶದಿಂದ ಪ್ರವೇಶಿಸಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಗೆಳೆಯನ ಇನ್‌ಸ್ಟಾಗ್ರಾಮ್ ಖಾತೆಯನ್ನು ತಮಾಷೆಗೆ ತೆರೆಯುವುದೂ ಸಲ್ಲದು.

ಕೈಚಳಕ ತೋರಿಸಲು ನ್ಯಾಯವಾದ ಕಣಗಳೇ ಇವೆ. ಅಮೆರಿಕದ ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದವರು 2013ರಿಂದ ಶಾಲಾ ವಿದ್ಯಾರ್ಥಿಗಳಿಗಾಗಿ 'ಪಿಕೊಸಿಟಿಎಫ್' ಎಂಬ ಸ್ಪರ್ಧೆ ನಡೆಸುತ್ತಾ ಬಂದಿದ್ದಾರೆ, ಶುಲ್ಕವಿಲ್ಲ. ಜಾಲದ ಸಂಚಾರ ತೋರಿಸುವ ವೈರ್‌ಶಾರ್ಕ್, ಡಿಸ್ಕಿನ ನಕಲನ್ನು ಪರೀಕ್ಷಿಸುವ ಆಟೊಪ್ಸಿ ಎಂಬ ತಂತ್ರಾಂಶಗಳು ಉಚಿತ. ನಿಮ್ಮದೇ ಹಳೆಯ ಪೆನ್ ಡ್ರೈವ್ ಒಂದರಲ್ಲಿ ಫೋಟೊ ಹಾಕಿ, ಅಳಿಸಿ, ಹುಡುಕಿ ನೋಡಿ. ಮಾಡಿದ್ದನ್ನೆಲ್ಲ ನೋಟುಪುಸ್ತಕದಲ್ಲಿ ಬರೆಯಿರಿ. ಮೂರನೆಯ ದಿನಕ್ಕೂ ಬೇಸರ ಬರದಿದ್ದರೆ ಈ ಓದು ನಿಮಗೆ ಒಗ್ಗುತ್ತದೆ ಎಂದು ತಿಳಿಯಬಹುದು.

ಕೆಲಸದ ವಿಷಯಕ್ಕೆ ಬಂದರೆ, ಬ್ಯಾಂಕು, ಆಸ್ಪತ್ರೆ, ಸಾಫ್ಟ್‌ವೇರ್ ಕಂಪನಿಗಳಿಗೆ ಕಾವಲಿನವರು ಬೇಕು. ಪೊಲೀಸ್ ಇಲಾಖೆಗೆ, ಬೆಂಗಳೂರಿನ ಮಡಿವಾಳದಲ್ಲಿರುವಂತಹ ವಿಧಿವಿಜ್ಞಾನ ಪ್ರಯೋಗಾಲಯಗಳಿಗೆ, ಲೆಕ್ಕಪರಿಶೋಧನೆ ಸಂಸ್ಥೆಗಳಿಗೆ ಪರೀಕ್ಷಕರು ಬೇಕು. ಪದವಿ ಮುಗಿದೊಡನೆ ದೊಡ್ಡ ಸಂಬಳ ಎಂದು ಯಾರಾದರೂ ಭರವಸೆ ಕೊಟ್ಟರೆ ಅದನ್ನೂ ಪ್ರಮಾಣಿಸಿಯೇ ನೋಡಬೇಕು.

ಅಂಗಡಿಯವರ ಮಗಳು ಕೊನೆಗೆ ಕಡಿಮೆ ಶುಲ್ಕದ ಸರ್ಕಾರಿ ಸೀಟಿನಲ್ಲಿ ಕಂಪ್ಯೂಟರ್ ಸೈನ್ಸ್ ಸೇರಿದಳು. ಸೈಬರ್ ವಿಷಯಗಳನ್ನು ಮುಂದೆ ಆರಿಸಿಕೊಳ್ಳುವ ಯೋಚನೆ ಅವಳದು. ಊರಿಂದ ಹೊರಡುವ ಮೊದಲು ಅಪ್ಪನ ಗಲ್ಲಾಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿ ಹೋಗಿದ್ದಾಳೆ: "ಮೋಸ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಏನನ್ನೂ ಅಳಿಸಬೇಡಿ." ಸಾಮಾನು ಕೊಳ್ಳಲು ಬರುವವರೆಲ್ಲ ಅದನ್ನು ಓದುತ್ತಾರೆ. ಕೇಳಿದವರಿಗೆ ಅವರು ಈಗ ನಾಚಿಕೆಯಿಲ್ಲದೆ ತಮ್ಮ ನಲವತ್ತು ಸಾವಿರದ ಕಥೆ ಹೇಳುತ್ತಾರೆ.