ಹಳೆಯ ಹೈ-ಫೈ ಪವರ್ ಆಂಪ್ಲಿಫೈಯರ್ ಮಾರಾಟ: ದುರಸ್ತಿ, ದಾಖಲೆ ಮತ್ತು ತೆರಿಗೆ

ಮೈಸೂರು ಸಂಗೀತವನ್ನು ಆಲಿಸುವ ನಗರವೆಂಬುದು ಹೊಸ ಮಾತಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರವನ್ನು ಆರಂಭಿಸಿದುದು ಇದೇ ನಗರದಲ್ಲಿ. ಜಯಚಾಮರಾಜ ಒಡೆಯರ ಗ್ರಾಮಫೋನ್ ತಟ್ಟೆಗಳ ಸಂಗ್ರಹವು ವಿದೇಶೀ ಸಂಗೀತ ವಲಯದಲ್ಲಿಯೂ ಹೆಸರಾಗಿತ್ತು. 1970 ಮತ್ತು 80ರ ದಶಕಗಳಲ್ಲಿ ಕೊಲ್ಕತ್ತದ ಸೋನೋಡೈನ್, ಮುಂಬಯಿಯ ಕಾಸ್ಮಿಕ್ ಮುಂತಾದ ದೇಶೀಯ ತಯಾರಿಕೆಗಳು ಹಾಗೂ ಕೊಲ್ಲಿ ರಾಷ್ಟ್ರಗಳಿಂದ ಮರಳಿದವರು ತಂದ ಜಪಾನಿನ ಉಪಕರಣಗಳು ಮಧ್ಯಮ ವರ್ಗದ ಮನೆಗಳನ್ನೂ ಸೇರಿದವು.

ಆ ಉಪಕರಣಗಳು ಈಗ ಅಟ್ಟದಿಂದ ಇಳಿದು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತಿವೆ. ಇನ್ನೊಂದೆಡೆ ಎಲ್‌ಪಿ ತಟ್ಟೆಗಳ ಆಸಕ್ತಿ ಮರುಕಳಿಸಿರುವುದರಿಂದ ಸುಸ್ಥಿತಿಯಲ್ಲಿರುವ ಹಳೆಯ ಆಂಪ್ಲಿಫೈಯರುಗಳನ್ನು ಹುಡುಕಿಕೊಂಡು ಬರುವ ಗ್ರಾಹಕರಿದ್ದಾರೆ. ಬಂಡವಾಳ ಸರಕಲ್ಲದ ಬಳಸಿದ ವಸ್ತುಗಳ ಆಮದು ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧಿತವಾದ್ದರಿಂದ ದೇಶದೊಳಗಿನ ಹಳೆಯ ಮನೆಗಳೇ ಈ ವ್ಯಾಪಾರಕ್ಕೆ ಮುಖ್ಯ ಆಧಾರ. ಗುಜರಿ ಬೆಲೆಗೂ ಮಾರಾಟ ಬೆಲೆಗೂ ನಡುವಿನ ಅಂತರವು ದುರಸ್ತಿಯಿಂದ ಮಾತ್ರ ದೊರಕುವುದಿಲ್ಲ. ಆ ದುರಸ್ತಿಯನ್ನು ಕಾಗದದ ಮೇಲೆ ತೋರಿಸಬಲ್ಲ ವ್ಯಾಪಾರಿಗೆ ದೊರಕುತ್ತದೆ.

ಕೊಳ್ಳುವಾಗ

ಮೊದಲು ಹಿಂಬದಿಯ ಫಲಕವನ್ನು ಓದತಕ್ಕದ್ದು. ನಮ್ಮಲ್ಲಿ ವಿದ್ಯುತ್ 230 ವೋಲ್ಟ್. ಜಪಾನಿನ ಒಳಮಾರುಕಟ್ಟೆಗೆ ತಯಾರಾದುದು 100 ವೋಲ್ಟಿನದು, ಅಮೆರಿಕದ್ದು 120 ವೋಲ್ಟಿನದು. ಇಂತಹುದನ್ನು ನೇರವಾಗಿ ಜೋಡಿಸಿದರೆ ಟ್ರಾನ್ಸ್‌ಫಾರ್ಮರ್ ಸುಡುವ ಸಂಭವವಿದೆ. ಹೊಂದುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರಿನ ವೆಚ್ಚವನ್ನು ಖರೀದಿ ಬೆಲೆಯಲ್ಲಿ ಕಳೆಯುವುದು ಸೂಕ್ತ. ಮನೆಯವರಿಂದ ಹೆಸರು, ವಿಳಾಸ, ಮೊತ್ತ ಮತ್ತು ಉಪಕರಣದ ಕ್ರಮಸಂಖ್ಯೆಯುಳ್ಳ ಸಹಿ ಮಾಡಿದ ರಸೀದಿಯನ್ನು ಪಡೆಯಬೇಕು. ಇದು ಕದ್ದ ಮಾಲಿನ ಶಂಕೆಯಿಂದಲೂ ಮುಂದೆ ತೆರಿಗೆ ತಕರಾರಿನಿಂದಲೂ ರಕ್ಷಣೆ ನೀಡುತ್ತದೆ.

ದುರಸ್ತಿ ಎಂದರೆ ಏನು?

ಧೂಳು ಒರೆಸಿ ಹಾಡು ಕೇಳಿಸುವುದು ದುರಸ್ತಿಯಲ್ಲ. ಹಳೆಯ ಆಂಪ್ಲಿಫೈಯರಿನಲ್ಲಿ ಮೊದಲು ಸೋಲುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು. ಒಳಗಿನ ದ್ರವ ಒಣಗಿದಂತೆ ಅವುಗಳ ಸಾಮರ್ಥ್ಯ ಕುಗ್ಗಿ ಗುಂಯ್‌ಗುಡುವ ಸದ್ದು ಬರುತ್ತದೆ. ಅದೇ ವೋಲ್ಟೇಜಿನ ಅಥವಾ ಹೆಚ್ಚಿನ ವೋಲ್ಟೇಜಿನ ಹೊಸದನ್ನೇ ಹಾಕಬೇಕು. ಸ್ಪೀಕರ್ ರಿಲೇಯ ಸಂಪರ್ಕಗಳು, ಶಾಖ ಹೊರಹಾಕುವ ಪೇಸ್ಟು, ನಿಶ್ಚಲ ವಿದ್ಯುತ್ ಪ್ರವಾಹದ ಹೊಂದಾಣಿಕೆ ಇವನ್ನೂ ಗಮನಿಸಬೇಕು. ಔಟ್‌ಪುಟ್ ಟ್ರಾನ್ಸಿಸ್ಟರುಗಳಲ್ಲಿ ನಕಲಿ ಮಾಲು ಹೇರಳವಾಗಿರುವುದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದರೂ ಬಿಲ್ಲು ನೀಡುವ ನಂಬಿಕಸ್ಥ ಅಂಗಡಿಯಿಂದಲೇ ತರುವುದು ಒಳಿತು. ತೆಗೆದ ಹಳೆಯ ಬಿಡಿಭಾಗಗಳನ್ನು ಚೀಲದಲ್ಲಿಟ್ಟು ಗ್ರಾಹಕರಿಗೆ ತೋರಿಸುವ ಪದ್ಧತಿಯಿಂದ ವಿಶ್ವಾಸ ಬೆಳೆಯುತ್ತದೆ.

ಪರೀಕ್ಷಾ ಪತ್ರ

ಮಾರಾಟದೊಂದಿಗೆ ಒಂದು ಪುಟದ ಪತ್ರವನ್ನು ನೀಡಬೇಕು. ಅದರಲ್ಲಿ ಇರತಕ್ಕ ಅಂಶಗಳು:

1. ತಯಾರಕರು, ಮಾದರಿ, ಕ್ರಮಸಂಖ್ಯೆ, ಎಷ್ಟು ವೋಲ್ಟಿಗೆ ಹೊಂದಿಸಲಾಗಿದೆ ಎಂಬುದು.
2. ಬದಲಾಯಿಸಿದ ಬಿಡಿಭಾಗಗಳ ಪಟ್ಟಿ ಮತ್ತು ದಿನಾಂಕ.
3. ಸ್ಪೀಕರ್ ತುದಿಯಲ್ಲಿ ಉಳಿಯುವ ನೇರ ವೋಲ್ಟೇಜು. 50 ಮಿಲಿವೋಲ್ಟಿಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ತೃಪ್ತಿಕರ. ಬಹಳ ಹೆಚ್ಚಿದ್ದರೆ ಗ್ರಾಹಕರ ಸ್ಪೀಕರಿಗೆ ಅಪಾಯ.
4. ಎರಡೂ ಚಾನೆಲ್ಲುಗಳ ನಿಜವಾದ ಶಕ್ತಿ. 8 ಓಮ್ ಭಾರದ ಮೇಲೆ ಅಲೆಯ ತುದಿ ಕತ್ತರಿಸುವ ಮುನ್ನ 20 ವೋಲ್ಟ್ ಆರ್‌ಎಂಎಸ್ ಬಂದರೆ, 20ರ ವರ್ಗವನ್ನು 8ರಿಂದ ಭಾಗಿಸಿದಾಗ 50 ವ್ಯಾಟ್.
5. ಉಳಿದಿರುವ ಲೋಪಗಳು: ಗೀರು, ಬದಲಾದ ಗುಂಡಿ, ಉರಿಯದ ದೀಪ.

ಪಿಎಂಪಿಒ ವ್ಯಾಟ್‌ಗಳ ದೊಡ್ಡ ಅಂಕಿಗಳನ್ನು ಬರೆಯುವ ಹಳೆಯ ರೂಢಿಯನ್ನು ಬಿಡತಕ್ಕದ್ದು. ಅನೇಕ ಪವರ್ ಆಂಪ್ಲಿಫೈಯರುಗಳಲ್ಲಿ ಧ್ವನಿ ನಿಯಂತ್ರಣವಾಗಲಿ, ತಟ್ಟೆಯಂತ್ರಕ್ಕೆ ಬೇಕಾದ ಜೋಡಣೆಯಾಗಲಿ ಇರುವುದಿಲ್ಲ. ಪ್ರತ್ಯೇಕ ಪ್ರೀಆಂಪ್ಲಿಫೈಯರ್ ಬೇಕಾಗುತ್ತದೆ. ಇದನ್ನು ಮುಂಚಿತವಾಗಿ ತಿಳಿಸಿದರೆ ಮಾಲು ಹಿಂತಿರುಗುವ ಸಂದರ್ಭ ಕಡಿಮೆಯಾಗುತ್ತದೆ.

ಕಾನೂನಿನ ಹೊಣೆ

2020ರ ಜುಲೈ ತಿಂಗಳಿನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಬಳಸಿದ ಅಥವಾ ನವೀಕರಿಸಿದ ಸರಕನ್ನು ಹೊಸದೆಂದು ಸುಳ್ಳಾಗಿ ಬಿಂಬಿಸುವುದು ಅನುಚಿತ ವ್ಯಾಪಾರ ಪದ್ಧತಿ. ಸಮರ್ಪಕ ಪರೀಕ್ಷೆಯ ಆಧಾರವಿಲ್ಲದೆ ಗ್ಯಾರಂಟಿ ನೀಡುವುದು, ಬಿಲ್ಲು ಕೊಡದಿರುವುದು ಕೂಡ ಅದೇ ವ್ಯಾಖ್ಯೆಯೊಳಗೆ ಬರುತ್ತವೆ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದೂ ಹಾಗೆಯೇ. ಆದುದರಿಂದ ‘ಸರ್ವಿಸ್ ಆಗಿದೆ’ ಎಂಬ ಒಂದು ಮಾತಿಗೆ ಬದಲಾಗಿ ಯಾವ ಭಾಗಕ್ಕೆ ಎಷ್ಟು ತಿಂಗಳ ಹೊಣೆ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು.

ತೆರಿಗೆಯ ಲೆಕ್ಕ

ಆಂಪ್ಲಿಫೈಯರುಗಳು ಜಿಎಸ್‌ಟಿಯಲ್ಲಿ 8518ನೆಯ ಶೀರ್ಷಿಕೆಯಡಿ ಬರುತ್ತವೆ, ದರ ಶೇ. 18. ಬಳಸಿದ ಸರಕಿನ ವ್ಯಾಪಾರಿಗಳಿಗೆ ನಿಯಮ 32(5) ಒಂದು ಮುಖ್ಯ ಸೌಲಭ್ಯವನ್ನು ನೀಡಿದೆ. ಸರಕಿನ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆ ಮಾತ್ರ ನಡೆದಿದ್ದು, ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಮಾರಾಟ ಬೆಲೆಗೂ ಖರೀದಿ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ.

ಉದಾಹರಣೆಗೆ, ಖರೀದಿ ರೂ. 12,000, ದುರಸ್ತಿ ವೆಚ್ಚ ರೂ. 6,000, ತೆರಿಗೆ ಹೊರತಾದ ಮಾರಾಟ ಬೆಲೆ ರೂ. 25,000 ಎಂದುಕೊಳ್ಳೋಣ. ವ್ಯತ್ಯಾಸ ರೂ. 13,000; ತೆರಿಗೆ ರೂ. 2,340. ಪೂರ್ಣ ಬೆಲೆಯ ಮೇಲೆ ಲೆಕ್ಕ ಹಾಕಿದ್ದರೆ ರೂ. 4,500 ಆಗುತ್ತಿತ್ತು. ಆದರೆ ದುರಸ್ತಿ ವೆಚ್ಚವನ್ನೂ ಕಳೆದು ರೂ. 7,000ದ ಮೇಲೆ ಮಾತ್ರ ತೆರಿಗೆ ಕಟ್ಟುವುದು ತಪ್ಪು. ನಿಯಮವು ಖರೀದಿ ಬೆಲೆಯನ್ನು ಮಾತ್ರ ಕಳೆಯಲು ಅವಕಾಶ ನೀಡುತ್ತದೆ. ಖರೀದಿ ರಸೀದಿ ಇಲ್ಲದಿದ್ದರೆ ಆ ವ್ಯತ್ಯಾಸವನ್ನೇ ಸಾಧಿಸಿ ತೋರಿಸುವುದು ಕಷ್ಟ.

ನೋಂದಣಿಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ವಾರ್ಷಿಕ ರೂ. 40 ಲಕ್ಷದ ಮಿತಿಯು ಕೇವಲ ಸರಕು ಮಾರುವವರಿಗೆ. ಇತರರ ಉಪಕರಣಗಳನ್ನು ಕೂಲಿಗೆ ರಿಪೇರಿ ಮಾಡಿಕೊಡುವವರದು ಸೇವೆಯಾಗುವುದರಿಂದ ರೂ. 20 ಲಕ್ಷದ ಮಿತಿಯನ್ನು ಗಮನಿಸಬೇಕು. ತಮ್ಮ ದುರಸ್ತಿಯು ‘ಅಲ್ಪ ಸಂಸ್ಕರಣೆ’ಯ ಮಿತಿಯಲ್ಲಿದೆಯೇ ಎಂಬುದನ್ನು ಲೆಕ್ಕ ಪರಿಶೋಧಕರಲ್ಲಿ ವಿಚಾರಿಸುವುದು ಕ್ಷೇಮ.

ಖರೀದಿ ರಸೀದಿ, ಪರೀಕ್ಷಾ ಪತ್ರ, ಸ್ಪಷ್ಟವಾದ ಬಿಲ್ಲು ಈ ಮೂರನ್ನೂ ಪ್ರತಿಯೊಂದು ಉಪಕರಣಕ್ಕೂ ಒಂದೇ ಕಡತದಲ್ಲಿ ಇರಿಸಿಕೊಳ್ಳುವ ವ್ಯಾಪಾರಿಯು ಚೌಕಾಶಿಯಲ್ಲಿ ತನ್ನ ಬೆಲೆಯನ್ನು ಸಮರ್ಥಿಸಿಕೊಳ್ಳಬಲ್ಲನು. ತಕರಾರು ಬಂದಾಗಲೂ ಉತ್ತರಿಸಬಲ್ಲನು.